ಚಕ್ರ ಅಲೈನ್‌ಮೆಂಟ್ ಸಾಧನಗಳು: ದಾರದಿಂದ ಕ್ಯಾಮೆರಾದವರೆಗೆ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳ ವ್ಯಾಪಾರವು ಬಹುಮಟ್ಟಿಗೆ ಲಾರಿ, ಟೆಂಪೋಗಳನ್ನು ಅವಲಂಬಿಸಿದೆ. ಸಾಗಣೆ ಖರ್ಚಿನಲ್ಲಿ ಡೀಸೆಲ್ಲಿನಂತೆ ಟಯರ್ ಕೂಡ ಲಾಭವನ್ನು ಕರಗಿಸುವ ಬಾಬು. ಚಕ್ರವು ಸಾಗುವ ದಿಕ್ಕಿನಿಂದ ಕೇವಲ 0.1 ಡಿಗ್ರಿ ಓರೆಯಾಗಿದ್ದರೂ, ಪ್ರತಿ ಕಿಲೋಮೀಟರಿಗೆ ಸುಮಾರು 1.75 ಮೀಟರಿನಷ್ಟು ಪಕ್ಕಕ್ಕೆ ಉಜ್ಜುತ್ತದೆ. 100 ಕಿ.ಮೀ. ಓಟಕ್ಕೆ ಇದು 175 ಮೀಟರ್. ಆದುದರಿಂದ ಈ ಓರೆಯನ್ನು ಅಳೆಯುವ ಸಾಧನದ ಆಯ್ಕೆ ಗ್ಯಾರೇಜಿನವರಿಗೂ ಲಾರಿ ಮಾಲೀಕರಿಗೂ ಮುಖ್ಯವಾದುದು.

ಅಳೆಯುವುದೇನು?

ಮೇಲಿನಿಂದ ನೋಡಿದಾಗ ಚಕ್ರಗಳ ಒಳ-ಹೊರ ತಿರುವು ‘ಟೋ’. ಮುಂದಿನಿಂದ ನೋಡಿದಾಗ ಕಾಣುವ ವಾಲುವಿಕೆ ‘ಕ್ಯಾಂಬರ್’. ಪಕ್ಕದಿಂದ ನೋಡಿದಾಗ ಸ್ಟಿಯರಿಂಗ್ ಅಕ್ಷದ ವಾಲುವಿಕೆ ‘ಕ್ಯಾಸ್ಟರ್’.

ಸಾಧನಗಳ ಬೆಳವಣಿಗೆ

ಮೊದಲು ದಾರ, ಟೇಪು ಹಾಗೂ ಅಳತೆ ಪಟ್ಟಿಗಳಿಂದಲೇ ಟೋ ನೋಡಲಾಗುತ್ತಿತ್ತು. ಕ್ಯಾಂಬರಿಗೆ ರಸಮಟ್ಟದ ಗೇಜು ಬಳಕೆಗೆ ಬಂದಿತು. ಮುಂದೆ ಬೆಳಕಿನ ಕಿರಣವನ್ನು ಅಳತೆಫಲಕದ ಮೇಲೆ ಬೀಳಿಸುವ ಸಾಧನಗಳೂ, ಬಳಿಕ ಚಕ್ರಗಳಿಗೆ ಸೆನ್ಸರ್ ಕಟ್ಟಿ ಗಣಕಯಂತ್ರದಲ್ಲಿ ಅಂಕಿ ತೋರಿಸುವ ಯಂತ್ರಗಳೂ ಬಂದವು. ಇವುಗಳ ಸೆನ್ಸರ್ ಕೆಳಗೆ ಬಿದ್ದರೆ ಮರುಹೊಂದಾಣಿಕೆ ಅನಿವಾರ್ಯ. 1990ರ ದಶಕದಲ್ಲಿ ಕಾಣಿಸಿಕೊಂಡ 3ಡಿ ಯಂತ್ರಗಳಲ್ಲಿ ಚಕ್ರಕ್ಕೆ ಗುರುತುಫಲಕವನ್ನಷ್ಟೇ ಕಟ್ಟಿ, ವಾಹನವನ್ನು ತುಸು ಉರುಳಿಸಿದರೆ ಕ್ಯಾಮೆರಾಗಳು ಕೋನಗಳನ್ನು ಲೆಕ್ಕ ಹಾಕುತ್ತವೆ. ಇಂತಹ ಯಂತ್ರಗಳು ಪುದುಚೇರಿಯಲ್ಲೂ ತಯಾರಾಗುತ್ತಿವೆ.

ಲೆಕ್ಕಪತ್ರದ ನೋಟ

ಆದಾಯ ತೆರಿಗೆಯಲ್ಲಿ ಈ ಯಂತ್ರಕ್ಕೆ ಶೇ. 15ರ ಸವಕಳಿ ದೊರೆಯುತ್ತದೆ. ಬೆಲೆಯನ್ನು 6,00,000 ರೂ. ಎಂದು ಭಾವಿಸಿದರೆ ಮೊದಲ ವರ್ಷದ ಸವಕಳಿ 90,000 ರೂ.; ಖರೀದಿಸಿದ ವರ್ಷದಲ್ಲಿ ಬಳಕೆ 180 ದಿನಗಳಿಗಿಂತ ಕಡಿಮೆಯಿದ್ದರೆ 45,000 ರೂ. ಖರೀದಿಯ ಮೇಲಿನ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆದರೆ, ಆ ಮೊತ್ತದ ಮೇಲೆ ಸವಕಳಿ ಪಡೆಯಲಾಗದು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಜಮೆಯೇ ಇಲ್ಲ.

ಖರೀದಿಗೆ ಮುನ್ನ

ಕಾರಿಗೆಂದೇ ರೂಪಿಸಿದ ಯಂತ್ರ ಹಲವು ಆಕ್ಸೆಲ್‌ಗಳ ಲಾರಿಗೆ ಹೊಂದದೆ ಇರಬಹುದು. ಆದುದರಿಂದ ತಮ್ಮ ಗ್ರಾಹಕರ ವಾಹನಗಳನ್ನು ಮೊದಲು ಎಣಿಸಬೇಕು. ನೆಲ ಅಥವಾ ಲಿಫ್ಟ್ ಸಮತಟ್ಟಾಗಿರದಿದ್ದರೆ, ಬಾಲ್‌ಜಾಯಿಂಟ್, ಬೇರಿಂಗ್ ಸಡಿಲವಿದ್ದರೆ, ಎಷ್ಟೇ ದುಬಾರಿ ಯಂತ್ರವೂ ಸರಿಯಾದ ಫಲ ನೀಡದು. ಬೇಡಿಕೆ ಕಡಿಮೆ ಇರುವಲ್ಲಿ ಸರಳ ಸಾಧನವನ್ನು ಶ್ರದ್ಧೆಯಿಂದ ಬಳಸುವುದೇ ಲಾಭದಾಯಕ. ಕೆಲಸದ ಮೊದಲ ಮತ್ತು ಕೊನೆಯ ಅಳತೆಗಳನ್ನು ಗ್ರಾಹಕರಿಗೆ ಬರೆದು ಕೊಡುವ ಪದ್ಧತಿ ನಂಬಿಕೆಯನ್ನು ಬೆಳೆಸುತ್ತದೆ. ಇದಕ್ಕೆ ಬಂಡವಾಳದ ಅಗತ್ಯವಿಲ್ಲ.