ಮಾತ್ರೆ ಬಿಟ್ಟು ಕುಸಿದವರಿಗೆ

ನಿದ್ದೆ ಸರಿಹೋಯಿತು, ಮನಸ್ಸು ಹಗುರಾಯಿತು, ಇನ್ನೇಕೆ ಮಾತ್ರೆ ಎಂದು ಒಂದೇ ಸಲ ನಿಲ್ಲಿಸಿದಿರಿ. ಕೆಲವೇ ವಾರಗಳಲ್ಲಿ ಎಲ್ಲ ತಲೆಕೆಳಗಾಯಿತು. ಈಗ ಆಸ್ಪತ್ರೆಯಿಂದ ಮನೆಗೆ ಬಂದಿದ್ದೀರಿ. ದಯವಿಟ್ಟು ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಗುಣ ಕಂಡ ಮೇಲೆ ಔಷಧ ಬಿಡುವವರು ಬಹಳ ಮಂದಿ. ಬಿಪಿ ಮಾತ್ರೆಯನ್ನೂ ಹಾಗೇ ಬಿಡುತ್ತಾರೆ.

ಖಿನ್ನತೆಯ ಮಾತ್ರೆ ಥಟ್ಟನೆ ನಿಂತರೆ ತಲೆಸುತ್ತು, ವಾಕರಿಕೆ, ತಲೆಯೊಳಗೆ ಶಾಕ್ ಹೊಡೆದಂಥ ಅನುಭವ ಆಗಬಹುದು. ಲಿಥಿಯಂ ಹಠಾತ್ತನೆ ಬಿಟ್ಟರೆ ಉನ್ಮಾದ ಮರುಕಳಿಸುವ ಅಪಾಯ ಹೆಚ್ಚು. ಎಂದೂ ಬಿಡಲೇಬಾರದೆಂದಲ್ಲ, ಬಿಡುವುದಾದರೆ ವೈದ್ಯರು ವಾರ, ತಿಂಗಳುಗಟ್ಟಲೆ ಡೋಸು ಇಳಿಸುತ್ತಾ ಬಿಡಿಸುತ್ತಾರೆ. ಹಳೆಯ ಡೋಸಿಗೆ ನೀವಾಗಿಯೇ ಮರಳಲೂಬೇಡಿ. ಲ್ಯಾಮೋಟ್ರಿಜಿನ್‌ನಂಥ ಔಷಧ ಕೆಲವು ದಿನ ತಪ್ಪಿದರೆ ಮತ್ತೆ ಸಣ್ಣ ಡೋಸಿನಿಂದಲೇ ಶುರುಮಾಡಬೇಕು.

ಮಾತ್ರೆ ಏಕೆ ಬಿಟ್ಟಿರಿ? ತೂಕ ಏರಿತೇ, ಮಂಪರು ಕಾಡಿತೇ, ದುಡ್ಡು ಸಾಲಲಿಲ್ಲವೇ, ಮದುವೆ ಮಾತುಕತೆಗೆ ಹೆದರಿದಿರಾ? ವೈದ್ಯರಿಗೆ ಮುಚ್ಚಿಡದೆ ಹೇಳಿ. ಮಾತ್ರೆ ಬದಲಿಸಬಹುದು, ಜಿಲ್ಲಾಸ್ಪತ್ರೆಯಲ್ಲಿ ಉಚಿತವಾಗಿ ಸಿಗುವುದೂ ಉಂಟು. ನಿದ್ದೆ ಕೆಡತೊಡಗಿದರೆ ಅಂದೇ ಮನೆಯವರಿಗೆ ತಿಳಿಸಿ. ಸಾಯುವ ಯೋಚನೆ ಸುಳಿದರೆ ಒಬ್ಬರೇ ಇರಬೇಡಿ, ಟೆಲಿ ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು.