ಏಳು ಚೀಲ ಅಕ್ಕಿ, ಒಂದು ಹಳೆಯ ಪೋರ್ಷೆ

ಸ್ಟುಟ್‌ಗಾರ್ಟ್‌ಗೆ ಬಂದು ಬಹಳ ವರ್ಷಗಳಾದ ಮೇಲೆ 1982ರ ಪೋರ್ಷೆ 911 ಎಸ್‌ಸಿ ಕೊಂಡೆ. ಅದು ಹುಟ್ಟಿದ ಜುಫೆನ್‌ಹೌಸೆನ್ ಕಾರ್ಖಾನೆ ಮನೆಯಿಂದ ದೂರವೇನಿಲ್ಲ. ಆದರೂ ಸಸ್ಪೆನ್ಶನ್ ಕೆಲಸ ನಾನೇ ಮಾಡುತ್ತೇನೆಂದು ಹಟ ಹಿಡಿದೆ. ಮೂರು ಸಲ ಕೆಡಿಸಿ, ನಾಲ್ಕನೆಯ ಸಲ ಕೂಡಿಸಿದೆ. ಆಗ ಬರೆದಿಟ್ಟುಕೊಂಡದ್ದು ಇದು.

1. ಸುಲಭಕ್ಕೆ ಕೈಗೆ ಸಿಗುವ ಸ್ಕ್ರೂವನ್ನು ನಂಬಬೇಡಿ.

ಈ ಕಾರಿಗೆ ಸುರುಳಿ ಸ್ಪ್ರಿಂಗ್ ಇಲ್ಲ. ಉಕ್ಕಿನ ಸರಳು ತಿರುಚಿಕೊಂಡು ಭಾರ ಹೊರುತ್ತದೆ. ಅದೇ ಟಾರ್ಷನ್ ಬಾರ್. ಮುಂದಿನ ಸರಳುಗಳಿಗೆ ಕಾರಿನ ಅಡಿಯಲ್ಲಿ ಒಂದೊಂದು ಸ್ಕ್ರೂ. ಸಡಿಲಿಸಿದರೆ ಮೂತಿ ಇಳಿಯುತ್ತದೆ, ಬಿಗಿದರೆ ಏರುತ್ತದೆ, ಹತ್ತು ನಿಮಿಷದ ಕೆಲಸ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳಷ್ಟೇ ಸಂದು ಉಳಿಯುವ ಹಾಗೆ ಇಳಿಸಿದೆ. ಫೋಟೊದಲ್ಲಿ ಚಿರತೆ ಹೊಂಚು ಹಾಕಿದಂತೆ ಕಾಣುತ್ತಿತ್ತು. 1965ರವರೆಗೆ ರೇಸ್ ನಡೆದ ಸೊಲಿಟ್ಯೂಡ್ ರಸ್ತೆಗೆ ಒಯ್ದೆ. ಪ್ರತಿ ಉಬ್ಬಿಗೂ ಸ್ಟೀರಿಂಗ್ ತನ್ನಷ್ಟಕ್ಕೆ ಆಚೀಚೆ ಎಳೆಯಿತು. ಚಕ್ರ ಮೇಲೆ ಕೆಳಗೆ ಆಡುವಾಗ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಬರೆಯುವ ಕಮಾನೂ ಕೆಳತೋಳಿನ ಕಮಾನೂ ಹೊಂದುವುದು ಕಾರ್ಖಾನೆ ಇಟ್ಟ ಎತ್ತರದ ಆಸುಪಾಸಿನಲ್ಲಿ ಮಾತ್ರ. ರೇಸಿನವರು ಸ್ಟೀರಿಂಗ್ ರ್‍ಯಾಕಿನಡಿ ಬಿಲ್ಲೆ ಕೊಟ್ಟು ಅದನ್ನು ಎತ್ತಿಕೊಳ್ಳುತ್ತಾರೆ. ನಾನು ತೆಪ್ಪಗೆ ಮೂತಿಯನ್ನೇ ಎತ್ತಿದೆ.

2. ಮಡ್‌ಗಾರ್ಡ್ ಅಳತೆಗೋಲಲ್ಲ.

ನಲವತ್ತು ವರ್ಷದ ಕಾರು ಎಲ್ಲಿ ಗುದ್ದಿಸಿಕೊಂಡಿದೆಯೋ, ಯಾರು ಬಡಿದು ಸರಿಮಾಡಿದ್ದಾರೋ ಯಾರಿಗೆ ಗೊತ್ತು. ನನ್ನ ಕಾರಿನ ಎಡಬಲ ಮಡ್‌ಗಾರ್ಡುಗಳ ನಡುವೆಯೇ 7 ಮಿಲಿಮೀಟರ್ ವ್ಯತ್ಯಾಸ. ಕಾರ್ಖಾನೆಯ ಕೈಪಿಡಿ ಜಾಣ: ಚಕ್ರದ ನಡು ಮತ್ತು ಟಾರ್ಷನ್ ಬಾರಿನ ನಡು, ಎರಡನ್ನೂ ನೆಲದಿಂದ ಅಳೆದು ಕಳೆಯಿರಿ ಎನ್ನುತ್ತದೆ. ಮುಂದೆ ಚಕ್ರದ ನಡು 108 ಮಿಲಿಮೀಟರ್ ಮೇಲಿರಬೇಕು, 5 ಹೆಚ್ಚುಕಡಿಮೆ ನಡೆಯುತ್ತದೆ. ಟೈರು ಸವೆದಿದ್ದರೂ ಈ ಲೆಕ್ಕ ಕೆಡುವುದಿಲ್ಲ.

3. ರಬ್ಬರ್ ಬುಷ್ ಸತ್ತಿದ್ದರೆ ಅಳತೆ ಮಾಡಬೇಡಿ. ಹಾಗೆ ಮಾಡಿದ ಅಲೈನ್‌ಮೆಂಟ್ ಮನೆ ಗೇಟು ದಾಟುವವರೆಗೆ ಮಾತ್ರ.

4. ಮೊದಲು ನೆಲ.

ದಾವಣಗೆರೆಯಲ್ಲಿ ನಮ್ಮ ಮನೆ ಕಟ್ಟುವಾಗ ಮೇಸ್ತ್ರಿ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮೂಲೆಯಿಂದ ಮೂಲೆಗೆ ಮಟ್ಟ ನೋಡುತ್ತಿದ್ದುದು ನೆನಪಿತ್ತು. ಇಲ್ಲೂ ಅದನ್ನೇ ಮಾಡಿದೆ. ಕಣ್ಣಿಗೆ ಸಮವಾಗಿದ್ದ ಗ್ಯಾರೇಜಿನ ಒಂದು ಮೂಲೆ 9 ಮಿಲಿಮೀಟರ್ ತಗ್ಗು! ಆ ಚಕ್ರದಡಿ ಅಷ್ಟೇ ದಪ್ಪದ ಹಲಗೆ ಕೊಟ್ಟೆ. ಆಮೇಲೆ ಪ್ರತಿ ಚಕ್ರದ ಕೆಳಗೂ ಎರಡೆರಡು ವಿನೈಲ್ ಟೈಲ್, ನಡುವೆ ಗ್ರೀಸ್. ಜಾಕ್‌ನಿಂದ ಇಳಿಸಿದ ಕಾರಿನ ಟೈರು ನೆಲ ಕಚ್ಚಿ ಹಿಡಿಯುತ್ತದೆ. ಅದು ಜಾರಿ ತನ್ನ ಜಾಗಕ್ಕೆ ಬಂದು ಕೂತ ಮೇಲೆ ಹೇಳುವ ಅಳತೆಯೇ ಬೇರೆ.

5. ಹಿಂಭಾಗಕ್ಕೆ ಒಂದು ಇಡೀ ಶನಿವಾರ ಕೊಡಿ.

ಭಾನುವಾರ ಬೇಡ. ಜರ್ಮನಿಯಲ್ಲಿ ಭಾನುವಾರ ಸುತ್ತಿಗೆ ಹಿಡಿದರೆ ನೆರೆಮನೆಯವರು ಕಿಟಕಿ ತೆರೆಯುತ್ತಾರೆ. ಹಿಂದಿನ ಟಾರ್ಷನ್ ಬಾರಿನ ಎರಡೂ ತುದಿಗೆ ಹಲ್ಲುಗಳಿವೆ: ಒಳತುದಿಗೆ 40, ಹೊರತುದಿಗೆ 44. ಒಳಗೆ ಒಂದು ಹಲ್ಲು ಜರುಗಿಸಿದರೆ 9 ಡಿಗ್ರಿ, ಹೊರಗೆ ಒಂದು ಜರುಗಿಸಿದರೆ 8.2 ಡಿಗ್ರಿಗೆ ತುಸು ಕಡಿಮೆ. ಒಳಗಿನದನ್ನು ಒಂದು ಹಲ್ಲು ಮುಂದಕ್ಕೆ, ಹೊರಗಿನದನ್ನು ಒಂದು ಹಲ್ಲು ಹಿಂದಕ್ಕೆ ಇಟ್ಟರೆ ಉಳಿಯುವುದು ಒಂದು ಡಿಗ್ರಿಯೂ ಇಲ್ಲ. ಎರಡು ಒರಟು ಲೆಕ್ಕಗಳ ವ್ಯತ್ಯಾಸದಲ್ಲಿ ಒಂದು ನಾಜೂಕು ಲೆಕ್ಕ ಅಡಗಿಸಿಟ್ಟವನಿಗೆ ಕೈಮುಗಿಯಬೇಕು.

ಮೊದಲ ಸಲ ನಾನು ಗುರುತು ಹಾಕದೆ ಎಳೆದೆ. ಸರಳು ಎರಡೂ ತುದಿಯಲ್ಲಿ ಕಳಚಿ ಕೈಗೆ ಬಂತು. ಯಾವ ಹಲ್ಲು ಎಲ್ಲಿತ್ತೋ ಶಿವನೇ ಬಲ್ಲ. ಮತ್ತೆ ಹೊಂದಿಸಲು ಕತ್ತಲಾಯಿತು. ಈಗ ಸರಳಿನ ಹೊರತುದಿಯನ್ನು ಚಕ್ರದ ತೋಳಿಗೆ ಸೇರಿಸುವ ಸ್ಪ್ರಿಂಗ್ ಪ್ಲೇಟು ಭಾರವಿಲ್ಲದೆ ಇಳಿಬಿದ್ದ ಕೋನವನ್ನು ಮೊದಲು ಬರೆದುಕೊಂಡೇ ಕೈ ಹಾಕುತ್ತೇನೆ. ಎಡದ ಸರಳು ಬಲಕ್ಕೆ ಆಗದು, ತುದಿಯಲ್ಲಿ ಗುರುತಿರುತ್ತದೆ. ಅದರ ಬಣ್ಣ ಗೀರದಂತೆಯೂ ನೋಡಿಕೊಳ್ಳಿ, ಗೀರಿದಲ್ಲಿ ತುಕ್ಕು, ತುಕ್ಕಿದ್ದಲ್ಲಿ ಬಿರುಕು. ಎಸ್‌ಸಿಯಲ್ಲಿ ಸ್ಪ್ರಿಂಗ್ ಪ್ಲೇಟು ಎರಡು ತುಂಡಿನದು. ಕೊನೆಯ ಕೆಲವು ಮಿಲಿಮೀಟರನ್ನು ಹಲ್ಲು ಬಿಚ್ಚದೆಯೇ ಹೊಂದಿಸಬಹುದು.

6. ಚಾಲಕನೂ ಕಾರಿನ ಭಾಗವೇ.

ಅಲುಗಾಡುವ ಬೆಂಚು ನೋಡಿದ್ದೀರಲ್ಲ? ಎದುರುಬದುರು ಮೂಲೆಯ ಎರಡು ಕಾಲು ಭಾರ ಹೊರುತ್ತವೆ, ಉಳಿದೆರಡು ಸುಮ್ಮನೆ ನೆಲ ಮುಟ್ಟುತ್ತವೆ. ಕಾರೂ ಹಾಗೆಯೇ ನಿಲ್ಲಬಲ್ಲದು, ಎತ್ತರದ ಅಳತೆಗಳೆಲ್ಲ ಸರಿಯಿದ್ದರೂ. ನಾಲ್ಕು ಚಕ್ರದಡಿ ನಾಲ್ಕು ತಕ್ಕಡಿ ಇಟ್ಟರೇ ಅದು ಗೊತ್ತಾಗುವುದು. ನನ್ನ ತೂಕ 70 ಕಿಲೊ. ನಾನೇ ಸೀಟಿನಲ್ಲಿ ಕೂತರೆ ಸ್ಕ್ರೂ ತಿರುಗಿಸುವವರಾರು? ಹತ್ತು ಕಿಲೊದ ಸೋನಾ ಮಸೂರಿ ಚೀಲ ಏಳು ತಂದು ಹೇರಿದೆ, ಐದು ಸೀಟಿಗೆ, ಎರಡು ಕಾಲಿಡುವಲ್ಲಿಗೆ. ಪೆಟ್ರೋಲು ಅರ್ಧ ಟ್ಯಾಂಕ್. 80 ಲೀಟರಿನ ಟ್ಯಾಂಕ್ ಇರುವುದು ಮೂತಿಯಲ್ಲಿ, ತುಂಬಿದರೆ ಅಲ್ಲೇ 60 ಕಿಲೊ ಏರುತ್ತದೆ. ಆ್ಯಂಟಿ-ರೋಲ್ ಬಾರಿನ ಕೊಂಡಿ ಬಿಚ್ಚಿಡುವುದನ್ನು ಮರೆಯಬೇಡಿ, ಅದು ಸುಳ್ಳು ಹೇಳಿಸುತ್ತದೆ. ಕರ್ಣದಿಂದ ಕರ್ಣಕ್ಕೆ 40 ಕಿಲೊಗೂ ಮೇಲಿದ್ದ ವ್ಯತ್ಯಾಸ, ಮುಂದಿನ ಎರಡು ಸ್ಕ್ರೂಗಳನ್ನು ವಿರುದ್ಧ ದಿಕ್ಕಿಗೆ ಸ್ವಲ್ಪ ಸ್ವಲ್ಪವೇ ತಿರುಗಿಸಿದ ಮೇಲೆ 6ಕ್ಕೆ ಬಂತು. ಇನ್ನೂ ಇಳಿಸೋಣ ಎಂದುಕೊಳ್ಳುವಷ್ಟರಲ್ಲಿ ಮೇಲಿನಿಂದ ದನಿ: "ರೀ, ಅನ್ನಕ್ಕಿಡಬೇಕು. ಡ್ರೈವರನ್ನ ಕೆಳಗಿಳಿಸಿ ಕೊಡ್ತೀರಾ?" ಅಲ್ಲಿಗೇ ನಿಲ್ಲಿಸಿದೆ.

7. ಹಿಂದಿನ ಚಕ್ರ ಮೊದಲು, ಮುಂದಿನದು ಆಮೇಲೆ.

ಕಾರು ನೇರ ಹೋಗುವುದನ್ನು ತೀರ್ಮಾನಿಸುವುದು ಹಿಂದಿನ ಚಕ್ರಗಳು. ಅವುಗಳ ತಲೆ ಒಳಕ್ಕೆ ಸುಮಾರು ಒಂದು ಡಿಗ್ರಿ ವಾಲಿರಬೇಕು, ಮೂಗು ಒಳಕ್ಕೆ ಕೂದಲೆಳೆಯಷ್ಟು ತಿರುಗಿರಬೇಕು. ಮೂಗು ಹೊರಕ್ಕಂತೂ ಕೂಡದು. ಎಂಜಿನ್ ಹಿಂದಿರುವ ಕಾರು. ತಿರುವಿನಲ್ಲಿ ಹೆದರಿ ಆಕ್ಸಿಲರೇಟರ್ ಬಿಟ್ಟಿರೋ, ಬಾಲ ಮುಂದೆ ಬರುತ್ತದೆ. ವಾಲುವಿಕೆ ತಿದ್ದಿದರೆ ಮೂಗು ಕದಲುತ್ತದೆ, ಮೂಗು ತಿದ್ದಿದರೆ ವಾಲುವಿಕೆ. ನಾಲ್ಕೈದು ಸಲ ಸುತ್ತದೆ ಮುಗಿಯುವುದಿಲ್ಲ.

ಅಳೆಯಲು ಮತ್ತೆ ಮೇಸ್ತ್ರಿಯ ದಾರ. ಎರಡೂ ಪಕ್ಕದಲ್ಲಿ ಚಕ್ರದ ನಡುಮಟ್ಟಕ್ಕೆ ಬಿಗಿದು, ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಎಷ್ಟು ದೂರ ಎಂದು ನೋಡುವುದು. 15 ಇಂಚಿನ ರಿಮ್ಮಿನಲ್ಲಿ 10 ಮಿನಿಟ್ ಕೋನವೆಂದರೆ 1 ಮಿಲಿಮೀಟರಿಗೆ ತುಸು ಹೆಚ್ಚು. ದಾರವನ್ನು ಕಾರಿನ ಮೈಗೆ ಸಮಾನಾಂತರ ಮಾಡುವಾಗ ಒಂದು ಮೋಸವಿದೆ: ಮುಂದಿನ ಚಕ್ರಗಳ ನಡುವಿನ ಅಗಲ 1369 ಮಿಲಿಮೀಟರ್, ಹಿಂದೆ 1379. ಈ ಹತ್ತನ್ನು ಎರಡೂ ಪಕ್ಕಕ್ಕೆ ಹಂಚದೆ ನಾನು ಒಂದು ಸಂಜೆ ಪೂರ್ತಿ ತಪ್ಪು ದಾರಕ್ಕೆ ಸರಿಯಾದ ಚಕ್ರವನ್ನು ತಿರುಚಿದ್ದೆ.

8. ಸ್ಟೀರಿಂಗ್ ಚಕ್ರವನ್ನು ನೇರ ಕಟ್ಟಿಹಾಕಿ, ಆಮೇಲೆ ಟೈ ರಾಡ್ ಮುಟ್ಟಿ. ನಾನು ಸೀಟ್ ಬೆಲ್ಟಿನಿಂದ ಕಟ್ಟಿದ್ದೆ, ಬೆಲ್ಟು ಹಿಗ್ಗಿತು. ಈಗ ನೇರ ರಸ್ತೆಯಲ್ಲಿ ಸ್ಟೀರಿಂಗ್ ಒಂದು ಚೂರು ಎಡಕ್ಕೆ ನೋಡುತ್ತದೆ. ಉಬ್ಬಿಗೆ ಎಳೆಯುವುದಿಲ್ಲ, ಬ್ರೇಕಿಗೆ ತೊನೆಯುವುದಿಲ್ಲ. ಸೊಲಿಟ್ಯೂಡ್‌ನ ತಿರುವುಗಳಲ್ಲಿ ಹೇಳಿದ ಮಾತು ಕೇಳುತ್ತದೆ. ಎಡಕ್ಕೆ ನೋಡಿದರೆ ನೋಡಲಿ, ಮುಂದಿನ ವಸಂತದವರೆಗೆ ಜಾಕ್ ಮುಟ್ಟುವುದಿಲ್ಲ.