ಉದ್ಯಾಪನೆಯ ಓಲೆಗರಿಗಳು

ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ದಾನವು ನಾಲ್ಕು ವಿಧವೆಂಬುದು ಶ್ರಾವಕರೆಲ್ಲರೂ ಬಲ್ಲ ವಿಷಯ. ಇವುಗಳಲ್ಲಿ ಶಾಸ್ತ್ರದಾನಕ್ಕೂ ವ್ರತಾಚರಣೆಗೂ ಇರುವ ಸಂಬಂಧವನ್ನು ಮೂಡಬಿದಿರೆಯ ಸಿದ್ಧಾಂತ ಬಸದಿಯ ತಾಳೆಗರಿಗಳು ಸ್ಪಷ್ಟಪಡಿಸುತ್ತವೆ.

ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ಶ್ರುತಜ್ಞಾನವು ತಮ್ಮೊಡನೆ ಲೋಪವಾಗಬಾರದೆಂದು ಪುಷ್ಪದಂತ-ಭೂತಬಲಿಗಳೆಂಬ ಇಬ್ಬರು ಮುನಿಗಳಿಗೆ ಅದನ್ನು ಉಪದೇಶಿಸಿದರು. ಪುಷ್ಪದಂತರು ವನವಾಸ ದೇಶದಲ್ಲಿ, ಅಂದರೆ ನಮ್ಮ ಬನವಾಸಿಯ ನಾಡಿನಲ್ಲಿ, ಆರಂಭಿಸಿದ ಷಟ್ಖಂಡಾಗಮವನ್ನು ಭೂತಬಲಿಗಳು ಪೂರ್ಣಗೊಳಿಸಿದರು. ಜ್ಯೇಷ್ಠ ಶುಕ್ಲ ಪಂಚಮಿಯಂದು ಚತುಸ್ಸಂಘವು ಆ ಗ್ರಂಥವನ್ನು ಪೂಜಿಸಿತು. ಅದೇ ಶ್ರುತಪಂಚಮಿ. ಈ ಆಗಮಕ್ಕೆ 9ನೆಯ ಶತಮಾನದಲ್ಲಿ ವೀರಸೇನಾಚಾರ್ಯರು ರಚಿಸಿದ ಟೀಕೆಯೇ ಧವಳ. ಅದರ ಪ್ರಮಾಣ 72,000 ಗ್ರಂಥಗಳು. ಒಂದು ಗ್ರಂಥವೆಂದರೆ 32 ಅಕ್ಷರ. ಹೀಗೆ ಲೆಕ್ಕವಿಟ್ಟರೆ ಒಂದು ಪ್ರತಿಯನ್ನು ಮಾಡುವುದೆಂದರೆ ಗರಿಗಳ ಮೇಲೆ 23 ಲಕ್ಷಕ್ಕೂ ಮೀರಿದ ಅಕ್ಷರಗಳನ್ನು ಕೈಯಿಂದ ಬರೆಯುವುದೆಂದಾಯಿತು.

ಇಷ್ಟು ದೊಡ್ಡ ಕಾರ್ಯವನ್ನು ಮಾಡಿಸಿದವರಾರು? ಪ್ರತಿಗಳಲ್ಲಿರುವ ಪ್ರಶಸ್ತಿಗಳೇ ಉತ್ತರ ಹೇಳುತ್ತವೆ. ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನ ಅತ್ತೆ ದೇಮಿಯಕ್ಕನು ಪಂಚಮಿಯ ನೋಂಪಿಯನ್ನು ಮುಗಿಸಿ, ಉದ್ಯಾಪನೆಯಲ್ಲಿ ಧವಳದ ಪ್ರತಿಯನ್ನು ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಆ ಮುನಿಗಳು ಸಮಾಧಿಮರಣವನ್ನು ಹೊಂದಿದ್ದು ಶಕವರ್ಷ 1045, ಅಂದರೆ ಕ್ರಿ.ಶ. 1123ರಲ್ಲಿ ಎಂದು ಶ್ರವಣಬೆಳಗೊಳದ ಶಾಸನದಿಂದ ತಿಳಿಯುತ್ತದೆ. ಆದುದರಿಂದ ದಾನವು ಅದಕ್ಕೂ ಹಿಂದಿನದು. ಮಹಾಧವಳವೆಂದು ಪ್ರಸಿದ್ಧವಾದ ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯೆಂಬ ಶ್ರಾವಿಕೆಯು ಶ್ರೀಪಂಚಮಿಯ ಉದ್ಯಾಪನೆಯಲ್ಲಿಯೇ ಬರೆಯಿಸಿ ಮಾಘನಂದಿ ಮುನಿಗಳಿಗೆ ಒಪ್ಪಿಸಿದಳು.

ಈ ಸಿದ್ಧಾಂತ ಗ್ರಂಥಗಳ ಕೆಲವು ಗರಿಗಳಲ್ಲಿ ಚಿತ್ರಗಳಿವೆ. ಹಳಗನ್ನಡ ಲಿಪಿಯ ಸಾಲುಗಳ ಪಕ್ಕದಲ್ಲಿ ಹೆಡೆಯ ನೆರಳಿನ ಪಾರ್ಶ್ವನಾಥ ಸ್ವಾಮಿ, ಮಾವಿನ ಮರದಡಿಯಲ್ಲಿ ಮಕ್ಕಳೊಡನಿರುವ ಅಂಬಿಕಾ ಯಕ್ಷಿ, ಶ್ರುತದೇವಿ, ಕೈಮುಗಿದ ಭಕ್ತರು ಕಾಣಿಸಿಕೊಳ್ಳುತ್ತಾರೆ. ಕೆಲವೇ ಬಣ್ಣಗಳು, ತೆಳುವಾದ, ದೃಢವಾದ ರೇಖೆ. ಗರಿಯ ಅಗಲವು ಕೆಲವೇ ಅಂಗುಲವಾದುದರಿಂದ ಚಿತ್ರಕಾರನಿಗೆ ಸಂಯಮವು ಅನಿವಾರ್ಯ. ಜಿನಬಿಂಬದಲ್ಲಿ ಆಭರಣವಿಲ್ಲ, ಚಲನೆಯಿಲ್ಲ. ಯಕ್ಷ-ಯಕ್ಷಿಯರಲ್ಲಿ ಎರಡೂ ಉಂಟು. ವೀತರಾಗಕ್ಕೂ ಸರಾಗಕ್ಕೂ ಇರುವ ಭೇದವನ್ನು ಅಕ್ಷರವರಿಯದವರಿಗೂ ಈ ಚಿತ್ರಗಳು ತಿಳಿಸಿಕೊಡುತ್ತವೆ. ಅಕ್ಷರವು ಶ್ರುತ, ಬಿಂಬವು ಆ ಶ್ರುತದ ಗುರಿ. ಎರಡೂ ಒಂದೇ ಗರಿಯ ಮೇಲಿರುವುದು ಕೇವಲ ಅಲಂಕಾರಕ್ಕಲ್ಲ.

ಷಟ್ಖಂಡಾಗಮದ ಪ್ರಾಚೀನ ಪ್ರತಿಗಳು ಉಳಿದುಬಂದದ್ದು ಮೂಡಬಿದಿರೆಯೊಂದರಲ್ಲಿ ಮಾತ್ರ. ಅಲ್ಲಿಯೂ ಶತಮಾನಗಳ ಕಾಲ ಅವುಗಳ ದರ್ಶನವಾಗುತ್ತಿತ್ತೇ ಹೊರತು ಪಠನವು ಅತಿ ವಿರಳವಾಗಿತ್ತು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲ ಸಂಪುಟವು ಅಚ್ಚಾಗಿ, ಮುಂದೆ 16 ಸಂಪುಟಗಳು ಪೂರ್ಣಗೊಂಡ ಮೇಲೆಯೇ ಸಿದ್ಧಾಂತವು ಮತ್ತೆ ಸ್ವಾಧ್ಯಾಯಕ್ಕೆ ಒದಗಿತು. ದೇಮಿಯಕ್ಕ, ಮಲ್ಲಿಕಬ್ಬೆಯರಂಥವರು ನೋಂಪಿಯ ಕೊನೆಯಲ್ಲಿ ಗ್ರಂಥವನ್ನು ಬಿಟ್ಟು ಬೇರೆ ವಸ್ತುವನ್ನು ದಾನಮಾಡಿದ್ದರೆ ಅಚ್ಚಿಗೆ ದೊರೆಯುವುದು ಏನಿತ್ತು?

ಉಪವಾಸದಿಂದ ಕರ್ಮನಿರ್ಜರೆ; ಶಾಸ್ತ್ರದಾನದಿಂದ ಜ್ಞಾನಾವರಣೀಯ ಕರ್ಮದ ಕ್ಷಯೋಪಶಮ. ಇಂದು ಉದ್ಯಾಪನೆಯೆಂದರೆ ಪಾತ್ರೆಗಳನ್ನು ಹಂಚುವುದು, ಊಟವನ್ನು ಬಡಿಸುವುದು ಎಂದಷ್ಟೇ ತಿಳಿಯುವವರುಂಟು. ಅವು ತಪ್ಪಲ್ಲ, ಆದರೆ ಒಂದು ಗ್ರಂಥವೂ ಅವುಗಳ ಜೊತೆಗೆ ಸೇರಬೇಕು. ಮನೆಯ ಅಟ್ಟದಲ್ಲಿ ಹಳೆಯ ಓಲೆಗರಿಯ ಕಟ್ಟುಗಳಿದ್ದರೆ ಅವನ್ನು ನೀರಿಗೆ ಬಿಡಬಾರದು, ಗೆದ್ದಲಿಗೂ ಬಿಡಬಾರದು. ತೇವ ತಾಗದಂತೆ ಶುಭ್ರವಾದ ವಸ್ತ್ರದಲ್ಲಿ ಸುತ್ತಿಟ್ಟು, ಬಲ್ಲವರಿಗೆ ತೋರಿಸಬೇಕು. ಮುಂದಿನ ಶ್ರುತಪಂಚಮಿಯಂದು ಅವನ್ನು ಪೂಜಿಸಿದ ಬಳಿಕ, ಅವುಗಳಲ್ಲಿರುವ ಒಂದು ಗಾಥೆಯನ್ನಾದರೂ ಮನೆಯವರೆಲ್ಲರೂ ಕುಳಿತು ಓದಿ ಅರ್ಥವನ್ನು ತಿಳಿದುಕೊಂಡರೆ ಆ ದಿನದ ಉಪವಾಸವು ಸಾರ್ಥಕವಾದೀತು.